ಹಿಂದಿನ ಸೀಟು

ಜೂನ್ 10, ಮಂಗಳವಾರ

ಬೆಳಿಗ್ಗೆಯಿಂದ ಆಟೋ ಸೀಟಿನ ಕವರ್ ಎರಡು ಹೊಲಿದೆ. ಮೂರನೆಯದಕ್ಕೆ ಸೂಜಿ ಮುರಿಯಿತು. ಜೋಹರಾ ತಕ್ಷಣ ಎದ್ದು ಬೇರೆ ಸೂಜಿ ತಂದಿಟ್ಟಳು. ನಾನು ಕೇಳಿರಲಿಲ್ಲ.

ಮಧ್ಯಾಹ್ನ ಬಾದಾಮಿಯಿಂದ ಚಂದ್ರಶೇಖರಪ್ಪನವರ ಅಂಬಾಸಿಡರ್ ಬಂತು, ಲಾರಿಯ ಮೇಲೆ. ಅವರ ತಂದೆಯ ಕಾಲದ್ದು. ಎಂಜಿನ್, ಪೇಂಟ್ ಎಲ್ಲ ಮುಗಿದಿದೆ. ಒಳಗೆ ಮಾತ್ರ... ಇಲಿ ಕಡಿದು ಸೀಟಿನ ನಾರು ಹೊರಗೆ. ಚಾವಣಿಯ ಟಾಪ್ ಲೈನಿಂಗ್ ಜೋತು ಬಿದ್ದು ಕೂತವರ ತಲೆಗೆ ತಾಗುತ್ತದೆ. ಡೋರ್ ಪ್ಯಾಡ್ ಮುಟ್ಟಿದರೆ ಪುಡಿ.

ಇಳಕಲ್ಲಿನಲ್ಲಿ ನಮ್ಮ ಅಂಗಡಿಗೆ ಇಂಥ ಕೆಲಸ ಬರುವುದೇ ಅಪರೂಪ. ಅಬ್ಬಾ ಗಾಡಿಯ ಸುತ್ತ ಒಮ್ಮೆ ಬಂದು ಕೈ ಒರೆಸಿಕೊಂಡರು. "ಸೀಟು ಜೋಹರಾ ಮಾಡ್ಲಿ. ಮುಬಶೀರಾ, ನೀ ಟಾಪ್ ನೋಡ್ಕೊ, ಡೋರ್ ಪ್ಯಾಡ್ ನೋಡ್ಕೊ."

ಸರಿ ಅಂದೆ. ಚಂದ್ರಶೇಖರಪ್ಪನವರ ಎದುರು ಇನ್ನೇನು ಹೇಳುವುದು.

ಜೂನ್ 12, ಗುರುವಾರ

ಜೋಹರಾ ನನ್ನ ತಮ್ಮ ಖಲೀಲನ ಹೆಂಡತಿಯಾಗಿ ಬಂದು ಇನ್ನೂ ವರ್ಷ ತುಂಬಿಲ್ಲ. ಹುನಗುಂದದಲ್ಲಿ ಬ್ಲೌಸ್ ಹೊಲಿಯುತ್ತಿದ್ದಳಂತೆ. ಖಲೀಲ ದಿನಾ ಬಾಗಲಕೋಟೆಯ ಶೋರೂಮಿಗೆ ಕೆಲಸಕ್ಕೆ ಹೋಗುತ್ತಾನೆ, ಮನೆಯಲ್ಲಿ ಬೇಸರ ಅಂತ ಅಂಗಡಿಗೆ ಬಂದು ಕೂತಳು. ಎರಡೇ ತಿಂಗಳಲ್ಲಿ ಸೀಟಿನ ಅಂಚಿಗೆ ಪೈಪಿಂಗ್ ಹೊಲಿಯುವುದು ಕಲಿತಳು. ನನಗೆ ಎಷ್ಟು ಕಾಲ ಬೇಕಾಗಿತ್ತು ಅನ್ನುವುದು ಅಬ್ಬಾಗೆ ಗೊತ್ತು.

ಅವಳ ಹೊಲಿಗೆ ಚೆಂದ. ಬರೆಯಲು ಮನಸ್ಸಿಲ್ಲ, ಆದರೆ ಖರೆ.

ಇವತ್ತು ಮುಂದಿನ ಸೀಟಿನ ಅಂಚಿನ ಮೇಲೆ ಅಬ್ಬಾ ಬೆರಳಾಡಿಸಿ "ಮಾಶಾಲ್ಲಾ" ಅಂದರು. ನಾನು ಸಣ್ಣವಳಿದ್ದಾಗಿನಿಂದ ಅವರ ಪಕ್ಕ ಕೂತು ಹೊಲಿದಿದ್ದೇನೆ. ನನ್ನ ಕೆಲಸಕ್ಕೆ ಅವರು ಅನ್ನುವುದು "ಹ್ಞೂಂ". ಅಷ್ಟೇ. ಅದನ್ನೇ ಇಷ್ಟು ವರ್ಷ ದೊಡ್ಡ ಮಾತು ಅಂದುಕೊಂಡಿದ್ದೆ.

ಜೂನ್ 17, ಮಂಗಳವಾರ

ಜೋಹರಾ ಹಿಂದಿನ ಸೀಟಿಗೆ ಬಟ್ಟೆ ಕತ್ತರಿಸಿದಳು. ಕೆಂಪು ರೆಕ್ಸಿನ್, ಹುಬ್ಬಳ್ಳಿಯಲ್ಲಿ ಹುಡುಕಿ ತಂದದ್ದು. ಆ ಬಣ್ಣದ ಥಾನು ಅಲ್ಲಿಗೇ ಮುಗಿಯಿತಂತೆ.

ಹಳೆಯ ಕವರ್ ಬಿಚ್ಚಿ, ಅದನ್ನೇ ಮೇಲಿಟ್ಟು ಚಾಕಿನಿಂದ ಗೆರೆ ಎಳೆದಳು. ಹಳೆಯ ಕವರ್ ಒಣಗಿ ಕುಗ್ಗಿರುತ್ತದೆ. ಸೀಟೂ ಕುಸಿದಿತ್ತು. ಹೊಸ ಸ್ಪ್ರಿಂಗ್, ಹೊಸ ನಾರು ತುಂಬಿದರೆ ಮೇಲೇಳುತ್ತದೆ. ತುಂಬಿದ ಮೇಲೇ ಅಳತೆ ತೆಗೆಯಬೇಕು. ಇದು ಬ್ಲೌಸ್ ಹೊಲಿದವರಿಗೆ ಗೊತ್ತಿರುವುದಿಲ್ಲ.

ನನಗೆ ಗೊತ್ತಿತ್ತು.

ನಾನು ಗಾಡಿಯೊಳಗೆ ಕೂತು ಟಾಪಿನ ತಂತಿಗೆ ಬಟ್ಟೆ ಪೋಣಿಸುತ್ತಿದ್ದೆ. ಅವಳು ಕತ್ತರಿ ಹಿಡಿದು ಒಂದು ಗಳಿಗೆ ನಿಂತಳು. ನನ್ನ ಕಡೆ ನೋಡಿದಳು. ನಾನೂ ನೋಡಿದೆ. ಆಮೇಲೆ ತಂತಿಯ ಕಡೆ ತಿರುಗಿದೆ.

ಕತ್ತರಿಯ ಸದ್ದು ಕೇಳಿತು. ಅಬ್ಬಾ ನಮಾಜಿಗೆ ಹೋಗಿದ್ದರು.

ಜೂನ್ 18

ಈಗಲೂ ಹೇಳಬಹುದು. ಹೇಳಿ ಏನು ಬಂತು, ಕತ್ತರಿಸಿ ಆಗಿದೆ.

ಜೂನ್ 21, ಶನಿವಾರ

ಹೊಸ ನಾರು ತುಂಬಿದ ಸೀಟಿಗೆ ಕವರ್ ಎಳೆದರು. ಅಬ್ಬಾ ಒಂದು ಕಡೆ, ಅವಳು ಒಂದು ಕಡೆ. ಬರಲಿಲ್ಲ. ಇನ್ನೂ ಎಳೆದರು. ಮೂಲೆಯ ಹೊಲಿಗೆ ಬಿಟ್ಟಿತು.

ರೆಕ್ಸಿನ್ ಬಿಚ್ಚಿ ಹೊಲಿದರೆ ಸೂಜಿಯ ತೂತು ಹಾಗೇ ಉಳಿಯುತ್ತದೆ. ಬೇರೆ ರೆಕ್ಸಿನ್ ಇಲ್ಲ. ಜೋಹರಾ ನೆಲದ ಮೇಲೆ ಕೂತುಬಿಟ್ಟಳು. ಅಳಲಿಲ್ಲ. ಕೈಯಲ್ಲಿ ದಾರ ಹಾಗೇ ಇತ್ತು.

ನನಗೆ ಸಂತೋಷವಾಯಿತು. ಇಲ್ಲಿ ಸುಳ್ಳು ಬರೆದು ಏನು ಮಾಡಲಿ. ಆ ಸಂತೋಷ ಅಬ್ಬಾ ಅವಳ ತಲೆಯ ಮೇಲೆ ಕೈ ಇಡುವವರೆಗೂ ಇತ್ತು.

"ತಪ್ಪು ನಂದ ಬೇಟಾ. ಕತ್ತರಸೂಕಿಂತ ಮೊದಲ ನಾ ನೋಡ್ಬೇಕಾಗಿತ್ತು."

ನನಗೆ ಬೈದಿದ್ದರೂ ಆಗುತ್ತಿತ್ತು. ನನ್ನ ಕಡೆ ತಿರುಗಲೇ ಇಲ್ಲ.

ಜೂನ್ 23, ಸೋಮವಾರ

ನಾನೇ ದಾರಿ ಹೇಳಿದೆ. ಸೀಟಿನ ನಡುವೆ ಉದ್ದಕ್ಕೆ ಸೀಳಿ ಕೆನೆ ಬಣ್ಣದ ಪಟ್ಟಿ ಕೂಡಿಸುವುದು. ಬೇಕೆಂದೇ ಮಾಡಿದಂತೆ ಕಾಣಲು ಮುಂದಿನ ಸೀಟಿಗೂ, ಡೋರ್ ಪ್ಯಾಡಿಗೂ ಅದೇ ಪಟ್ಟಿ.

ಅವಳ ಮೇಲಿನ ಕನಿಕರಕ್ಕಲ್ಲ. ಅಂಗಡಿಯ ಹೆಸರಿಗೆ... ಅದೂ ಪೂರ್ತಿ ಖರೆಯಲ್ಲ. ಅಬ್ಬಾ ನೋಡಲಿ ಅಂತ.

ಅಬ್ಬಾ ಪಟ್ಟಿ ಇಟ್ಟು ನೋಡಿ "ಹ್ಞೂಂ" ಅಂದರು.

ಜುಲೈ 3, ಗುರುವಾರ

ಚಂದ್ರಶೇಖರಪ್ಪನವರು ಗಾಡಿ ಒಯ್ಯಲು ಬಂದರು. ಬಾಗಿಲು ತೆಗೆದವರು ಬಹಳ ಹೊತ್ತು ಒಳಗೆ ಕೂರಲೇ ಇಲ್ಲ. ಸೀಟಿನ ಮೇಲೆ ಅಂಗೈ ಇಟ್ಟರು.

"ಈ ಬಿಳಿ ಪಟ್ಟಿ ಅಪ್ಪನ ಕಾಲಕ್ಕ ಇದ್ದಿಲ್ಲ. ಆದ್ರ ಇದ್ದಿದ್ರ ಅಂವಗೂ ಮನಸಿಗಿ ಬರತಿತ್ತು. ಯಾರ ಕೆಲಸ್ರಿ, ಮೀರಾಸಾಬ್?"

ಅಬ್ಬಾ ಬಾಯಿ ತೆರೆಯುವ ಮೊದಲೇ ಜೋಹರಾ ನನ್ನ ಕಡೆ ಕೈ ತೋರಿಸಿ ಹೇಳಿದಳು. "ನಾ ಸೀಟು ಕೆಡಿಸಿಟ್ಟಿದ್ದೆರಿ. ಆಪಾ ಸರಿ ಮಾಡಿದ್ರು. ಮ್ಯಾಲಿನ ಟಾಪೂ ಆಪಾನ ಮಾಡ್ಯಾರ, ನೋಡ್ರಿ."

ಆಗ ಅವರು ತಲೆಯೆತ್ತಿ ನೋಡಿದರು. ಸುಕ್ಕಿಲ್ಲದ ಟಾಪನ್ನು ಯಾರೂ ತಾವಾಗಿ ನೋಡುವುದಿಲ್ಲ.

ನನ್ನದನ್ನೂ ನನಗೆ ಅವಳೇ ಕೊಡಬೇಕೆ? ಕೊಟ್ಟು ಎಲ್ಲರ ಎದುರು ಮತ್ತೆ ಒಳ್ಳೆಯವಳಾದಳು. ಊಟ ಸೇರಲಿಲ್ಲ.

ಜುಲೈ 4, ಶುಕ್ರವಾರ

ಹೇಳಿಬಿಟ್ಟೆ. ಅಂಗಡಿಯಲ್ಲಿ ಇಬ್ಬರೇ ಚಹಾ ಕುಡಿಯುತ್ತಿದ್ದೆವು. "ನೀ ಕತ್ತರಸೂ ಮುಂದ ನಾ ನೋಡ್ತಿದ್ದೆ" ಅಂದೆ. ಅವಳಿಗೆ ನೋವಾಗಲಿ ಅಂತಲೇ ಅಂದೆನೇನೋ.

"ಗೊತ್ತೈತಿ ಆಪಾ" ಅಂದಳು. ನಕ್ಕಳು. "ನೀವು ನೋಡಾಕತ್ತೀರಿ ಅಂತನ ಧೈರ್ಯದಿಂದ ಕತ್ತರಿಸಿದೆ. ತಪ್ಪಿದ್ರ ಬ್ಯಾಡ ಅಂತಿದ್ರಿ, ಅಂದ್ಕೊಂಡೆ."

ನಾನು ಗ್ಲಾಸಿನ ಕಡೆ ನೋಡಿದೆ. ಅಷ್ಟರಲ್ಲೇ ಅವಳಿಗೆ ತಿಳಿಯಿತು. ನಗು ನಿಧಾನಕ್ಕೆ ಹೋಯಿತು.

"ಆವಾಗನ ಗೊತ್ತಿತ್ತೇನ್ರಿ ನಿಮಗ?"

ಹೌದೆಂದೆ. ಗ್ಲಾಸು ಕೆಳಗಿಟ್ಟಳು. ಜಗಳ ಮಾಡುತ್ತಾಳೆ, ಖಲೀಲನಿಗೆ ಹೇಳುತ್ತಾಳೆ ಅಂದುಕೊಂಡೆ. ಎದ್ದು ಮಷಿನಿಗೆ ಎಣ್ಣೆ ಹಾಕತೊಡಗಿದಳು. ನನ್ನ ಮಷಿನಿಗೂ ಹಾಕಿದಳು.

ಜುಲೈ 19, ಶನಿವಾರ

ಯಾರಿಗೂ ಹೇಳಿಲ್ಲ ಅವಳು. ಮನೆಯಲ್ಲಿ ಮೊದಲಿನ ಹಾಗೇ ರೊಟ್ಟಿ ಬಡಿಸುತ್ತಾಳೆ. ಆಪಾ ಅನ್ನುತ್ತಾಳೆ.

ಬಾಗಲಕೋಟೆಯಿಂದ ಹಳೆಯ ಫಿಯಟ್ ಬಂದಿದೆ. ಅಬ್ಬಾ ಈ ಸಲ ಸೀಟು ಇಬ್ಬರೂ ಕೂಡಿ ಮಾಡಿ ಅಂದರು. ಹಿಂದಿನ ಸೀಟು ನೀಲಿ ರೆಕ್ಸಿನ್. ನಾರು ತುಂಬಿ, ಅಳತೆ ತೆಗೆದು, ಗೆರೆ ಎಳೆದಳು. ನಾನು ಮಗ್ಗುಲಲ್ಲೇ ನಿಂತಿದ್ದೆ, ಅವಳ ಸೆರಗು ತಾಗುವಷ್ಟು ಹತ್ತಿರ. ಗೆರೆ ಸರಿಯಿತ್ತು. ಹೇಳಬೇಕು ಅಂತ ಬಾಯಿ ತೆರೆದೆ.

ಅವಳು ಕತ್ತರಿ ಮೇಜಿನ ಮೇಲಿಟ್ಟು ಹೊರಗೆ ಹೋಗಿ ಅಬ್ಬಾರನ್ನು ಕರೆದುಕೊಂಡು ಬಂದಳು. "ಅಬ್ಬಾ, ಒಂದೀಟು ನೋಡ್ರಿ, ಸರಿ ಐತೇನು?"

ಅಬ್ಬಾ ನನ್ನ ಮುಖ ನೋಡಿದರು. "ಮುಬಶೀರಾ ಇಲ್ಲೇ ಅದಾಳಲ್ಲ, ಆಕಿನ್ನ ಕೇಳಬಾರ್ದೇನು?"

ಜೋಹರಾ ಕತ್ತರಿಯನ್ನು ಅಬ್ಬಾ ಕಡೆ ಸರಿಸಿದಳು. ಅಬ್ಬಾ ಮತ್ತೆ ನನ್ನ ಕಡೆ ತಿರುಗಿದರು. ನಾನು ಗೆರೆಯನ್ನೇ ನೋಡುತ್ತ, "ಇದು ಸರಿ ಐತಿ ಅಬ್ಬಾ. ಆವತ್ತಿಂದು ತಪ್ಪಿತ್ತು, ಗೊತ್ತಿದ್ದೂ ನಾ ಹೇಳಲಿಲ್ಲ" ಅಂದೆ.