ಬಿಳಿ ಕರ್ಚೀಫು

ಅಳಿಯದೇವರಿಗೆ ನಿಮ್ಮ ಅತ್ತೆಯ ಆಶೀರ್ವಾದ.

ನಮ್ಮ ನಶ್ಯದಂಗಡಿ ಕಂಡರೆ ಮೂಗು ಮುರಿಯುತ್ತಿದ್ದವರು ನೀವು. ಈಗ ಕಾಲೇಜು ಹುಡುಗರೂ ನಶ್ಯ ಏರಿಸುತ್ತಾರೆ, ವ್ಯಾಪಾರ ಕುದುರಿದೆ, ನಿಮ್ಮ ತೆರಿಗೆ ಕಚೇರಿಯ ಕಣ್ಣೂ ಬಿದ್ದಿದೆ. ಜನರ ಆರೋಗ್ಯಕ್ಕಾಗಿ ನಶ್ಯಕ್ಕೂ ಇನ್ನಷ್ಟು ತೆರಿಗೆ ಹಾಕಬೇಕು ಅಂತ ಸರ್ಕಾರಕ್ಕೆ ಬರೆದವರು ನೀವೇ ಅಂತೆ, ಮಗಳು ಹೇಳಿದಳು. ಹಾಕಿಸಿ. ನಿಮ್ಮಂಥ ದೊಡ್ಡವರ ಕಾಲು ಹಿಡಿಯೋಣ ಅಂದರೆ ನನಗೆ ಬಗ್ಗೋಕಾಗಲ್ಲ, ಸೊಂಟ ನೋವು.

ಮೊನ್ನೆ ಬಂದಾಗ ನೀವು ಮರೆತುಹೋದ ಬಿಳಿ ಕರ್ಚೀಫು ನಮ್ಮ ಬಚ್ಚಲಲ್ಲಿ ಸಿಕ್ಕಿತು. ಮೂಸಿ ನೋಡಿದೆ. ಎದುರಂಗಡಿಯವನ ಕಳಪೆ ನಶ್ಯ. ಕಂದು ಕಲೆ ಎಷ್ಟು ಉಜ್ಜಿದರೂ ಹೋಗಲಿಲ್ಲ. ನಶ್ಯ ಏರಿಸುವವರು ಬಿಳಿ ಕರ್ಚೀಫು ಇಟ್ಟುಕೊಳ್ಳಲ್ಲ. ಕಪ್ಪನೆಯದೊಂದು ಕಳಿಸಿದ್ದೇನೆ, ಜೊತೆಗೆ ನಮ್ಮಂಗಡಿಯ ಡಬ್ಬಿ. ಕದ್ದು ಏರಿಸುವುದಾದರೂ ಒಳ್ಳೆಯದನ್ನು ಏರಿಸಿ.

ನಿಮ್ಮ ಅತ್ತೆ