ಸ್ಪೀಕರ್ ಹಿಂದಿನ ತಿರುಪು

ಅಪ್ಪಾ,

ಸ್ಟುಡಿಯೋ ಸ್ಪೀಕರ್ ಹಿಂದೆ ಕೈ ಹಾಕಿದ್ದು ನೀನೇ ಅಂತ ಗೊತ್ತಾಯ್ತು. ಬೆಕ್ಕಿಗೆ ಸ್ಕ್ರೂಡ್ರೈವರ್ ಹಿಡಿಯೋಕೆ ಬರಲ್ಲ.

ನೀನು ಚೂಪು ದನಿಯ ಟ್ರೆಬಲ್ ತಿರುಪು ಏರಿಸಿಟ್ಟಿದ್ದೆ. ಅದು ಗೊತ್ತಿಲ್ಲದೆ ನಾನು, ಕಿವಿಗೆ ಚುಚ್ಚುತ್ತೆ ಅಂತ, ಹಾಡಲ್ಲೇ ಇಳಿಸಿ ಕಳಿಸಿದೆ. ಗಾಯಕಿ ಫೋನ್ ಮಾಡಿ "ಕಂಬಳಿ ಹೊದ್ದು ಹಾಡಿದ ಹಾಗಿದೆ" ಅಂತ ಗ್ರಹಚಾರ ಬಿಡಿಸಿದಳು.

ಎಲ್ಲಾ ತಿರುಪನ್ನೂ ಸೊನ್ನೆಗೆ ತಂದು ಟೇಪ್ ಅಂಟಿಸಿದ್ದೀನಿ. ದಪ್ಪ ದನಿಯ ಸಬ್‌ವೂಫರ್ ಫಿಲ್ಟರ್ ಎಂಬತ್ತು ಹರ್ಟ್ಸ್‌ನಲ್ಲೇ ಇರಲಿ. ಟೇಪ್ ಕಿತ್ತೀಯ, ಜೋಕೆ.

ನೀನು ಅಂದ್ಕೊಂಡ ಹಾಗೆ ಸ್ಪೀಕರ್ ಮಂಕಾಗಿಲ್ಲಪ್ಪ. ನಿನ್ನೆ ಓವನ್ ಬೀಪ್ ಬೀಪ್ ಅಂತ ಬಡ್ಕೊಂಡರೂ ನೀನು ಪಕ್ಕದಲ್ಲೇ ಪೇಪರ್ ಓದ್ತಿದ್ದೆ. ನನಗೆ ಈ ಕೆಲಸ ಕಲಿಸಿದ ಕಿವಿ ಅದು, ಹಾಗೇ ಬಿಡೋಕಾಗಲ್ಲ.

ನಾಲ್ಕು ಗಂಟೆಗೆ ಕಿವಿ ಡಾಕ್ಟರ್ ಹತ್ರ ಹೋಗೋಣ, ರೆಡಿಯಾಗಿರು. ಬಾಯಲ್ಲಿ ಹೇಳಿದರೆ ಕೇಳಿಸಲಿಲ್ಲ ಅಂತೀಯ, ಅದಕ್ಕೇ ಬರೆದಿಟ್ಟಿದ್ದೀನಿ.