ನದಿಯಾಚೆಯ ಚುಕ್ಕಿ

ಮಾರ್ಚ್ 4, ಬೆಳಗ್ಗೆ

ತಂಗಿಗೆ ಸ್ಟ್ರಾದಲ್ಲಿ ಸೂಪ್. ದವಡೆಗೆ ಇನ್ನೂ ತಂತಿ — ಗಂಡನ ಮುಷ್ಟಿಯ ಕೊಡುಗೆ. ಕೋರ್ಟು ಅವನ ಕಾಲಿಗೆ ಜಾಡು ಹಿಡಿಯುವ ಪಟ್ಟಿ ಬಿಗಿಸಿದೆ. ಒಳಗೊಂದು ಸಿಮ್. ಲಿಫ್ಟು, ನೀರಿನ ಮೀಟರುಗಳಂತೆ ಅದೂ ನಮ್ಮ ಕಂಪನಿಯ ಟವರುಗಳನ್ನೇ ನೆಚ್ಚಿಕೊಂಡ ವಸ್ತು. ತಂಗಿಯ ಫೋನಿನ ಮ್ಯಾಪಿನಲ್ಲಿ ಅವನೊಂದು ಚುಕ್ಕಿ: ದೂರವಿದ್ದರೆ ಹಸಿರು, ಹತ್ತಿರ ಬಂದರೆ ಫೋನ್ ಅರಚಬೇಕು.

"ಅಂತೂ ಬೆಕ್ಕಿಗೆ ಗಂಟೆ ಕಟ್ಟಿಸಿದ್ಯಲ್ಲ ಅಕ್ಕಾ." ಹಲ್ಲು ಕಚ್ಚಿಕೊಂಡೇ ನಗು.

ಆಫೀಸಿನಲ್ಲಿ ಗ್ರಾಹಕರಿಗೆ ಮೆಸೇಜ್ ಬರೆಯುವುದು ನನ್ನ ಕೆಲಸ. ಇಂದಿನದು: ಶುಕ್ರವಾರ ನೀರಿನ ಟ್ಯಾಂಕಿನ ಬಳಿಯ ಟವರ್ ದುರಸ್ತಿಗಾಗಿ ಬಂದ್, ಸಹಕರಿಸಿ. ಕಾವ್ಯ ಓದಿದ್ದಕ್ಕೆ ಇಷ್ಟೇ ಫಲ.

ಮಾರ್ಚ್ 7, ಶುಕ್ರವಾರ ಸಂಜೆ

ಬೆಕ್ಕಿನ ಗಂಟೆ ಮೊಳಗಲಿಲ್ಲ.

ಸುತ್ತಿಗೆ ಹಿಡಿದು ಬಂದ. ಮೊದಲ ಏಟಿಗೇ ಬಾಗಿಲ ಹಲಗೆ ಸೀಳಿತು. ಕೈ ತೂರಿಸಿ ತಂಗಿಯ ಜಡೆ ಹಿಡಿದೆಳೆದ. ಹಣೆ ಚೌಕಟ್ಟಿಗೆ ಬಡಿಯಿತು, ಮತ್ತೆ, ಮತ್ತೆ. ಒಲೆಯ ಮೇಲಿನ ಕುದಿನೀರು ತಂದು ಆ ಕೈಮೇಲೆ ಸುರಿದೆ. ಚರ್ಮ ಎದ್ದು ಬಂತು. ಊಳಿಡುತ್ತ ಓಡಿದ.

ಫೋನ್ ನೋಡಿದೆ. ಚುಕ್ಕಿ ಹಸಿರು. ನದಿಯಾಚೆ.

ಮಾರ್ಚ್ 8

ಇನ್ಸ್‌ಪೆಕ್ಟರ್ ಮ್ಯಾಪ್ ತಿರುಗಿಸಿ ತೋರಿಸಿದರು. "ಆ ಹೊತ್ತಿಗೆ ಆಚೆ ದಡದಲ್ಲಿದ್ದಾನಮ್ಮ. ಈಜಿ ಬಂದ್ನಾ? ಕೈ ಸುಟ್ಟಿದ್ದು ಅಡುಗೆ ಮಾಡ್ವಾಗ ಅಂತಾನೆ."

ಟವರ್ ಮಾಮ — ನಮ್ಮ ಹಿರಿಯ ಎಂಜಿನಿಯರ್ — ತಲೆ ಚಚ್ಚಿಕೊಂಡರು. "ನಿಮ್ಮನೆ ಹತ್ರದ ಟ್ಯಾಂಕ್ ಟವರ್ ಬಂದ್ ಇತ್ತಲ್ಲಮ್ಮ! ಪಟ್ಟಿ ಆಚೆ ದಡದ ಟವರನ್ನ ಹಿಡ್ಕೊಂಡಿದೆ. ಅಗ್ಗದ ಮಾಲು. ಟವರ್ ಎಲ್ಲೋ ಮನುಷ್ಯನೂ ಅಲ್ಲೇ ಅನ್ನುತ್ತೆ."

ಟವರ್ ಬಂದ್ ಇರುವುದು ಅವನಿಗೆ ಹೇಗೆ ಗೊತ್ತಾಯಿತು ಎಂದು ಕೇಳಹೊರಟು ಬಾಯಿ ಮುಚ್ಚಿಕೊಂಡೆ. ಮೆಸೇಜ್ ಊರಿಗೆಲ್ಲ ಹೋಗಿತ್ತು.

ಮಾರ್ಚ್ 13

ದುರಸ್ತಿ ಅರ್ಧಕ್ಕೇ ನಿಂತಿದೆಯಂತೆ. ನಾಳೆ ಮತ್ತೆ ಬಂದ್. ಮುಂದೂಡಿ ಎಂದು ಬೇಡಿದೆ. "ಒಬ್ಬರಿಗೋಸ್ಕರ ಊರಿನ ಮೀಟರು, ಲಿಫ್ಟು ಎಲ್ಲ ಕಾಯ್ಬೇಕಾ ಮೇಡಂ?" ಮ್ಯಾನೇಜರ್. ಮಾಮ ಬರೆದುಕೊಟ್ಟ ವಿವರಣೆಗೆ ಇನ್ಸ್‌ಪೆಕ್ಟರ್: "ಸೋಮವಾರ ನೋಡೋಣ."

ಮೆಸೇಜ್ ಬರೆಯಲಾರೆ ಎಂದೆ. ಹಳೆಯದನ್ನೇ ದಿನಾಂಕ ತಿದ್ದಿ ಕಳಿಸಿದರು. ನನ್ನದೇ ವಾಕ್ಯ. ಅವನಿಗೂ.

"ಬೇರೆ ಕಡೆ ಹೋಗೋಣ," ಎಂದೆ ತಂಗಿಗೆ.

"ಎಷ್ಟು ಮನೆ ಅಂತ ಓಡೋದು? ಬರ್ಲಿ."

ಮಾರ್ಚ್ 14, ಮಧ್ಯಾಹ್ನ

ಪುಸ್ತಕದ ಕಪಾಟನ್ನು ಬಾಗಿಲಿಗೆ ಅಡ್ಡ ದೂಡಿದ್ದೇವೆ. ಕಾವ್ಯ ಇಷ್ಟು ಭಾರವೆಂದು ಇಂದೇ ತಿಳಿದದ್ದು. ಅವನು ಬಿಟ್ಟುಹೋದ ಸುತ್ತಿಗೆ ನನ್ನ ಮಡಿಲಲ್ಲಿ. ಸ್ಟೇಷನ್ನಿಗೆ ಫೋನ್ ಮಾಡಬೇಕೆಂದರೆ ಸಿಗ್ನಲ್ ಒಂದು ಗೆರೆ, ಅದೂ ಬಂದು ಹೋಗುತ್ತಿದೆ.

ಚುಕ್ಕಿ ಈಗ ಹಾರಿತು, ಅಂದರೆ ಅವನು ಹತ್ತಿರವೇ. ನದಿಯಾಚೆ. ಹಸಿರು.

ಒಲೆಯ ಬಳಿಯಿಂದ ತಂಗಿ: "ಅಕ್ಕಾ, ನೀರು ಕುದೀತಿದೆ."

ಗೇಟಿನ ಚಿಲಕ —